ಇಬ್ಬರೂ ಬೇಡವಾದಾಗ ವೋಟು ಯಾರಿಗೆ?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಸಾಲ ವಸೂಲಿಯ ಬಗ್ಗೆ ಚರ್ಚೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಹತ್ತಿರ ಬಂದು ಕೇಳಿದರು: "ಅಲ್ಲ ಸ್ವಾಮಿ, ಅಮೆರಿಕ ಅಷ್ಟು ದೊಡ್ಡ ದೇಶ. ಅಲ್ಲಿ ಅಧ್ಯಕ್ಷ ಆಗೋಕೆ ಯಾವಾಗ ನೋಡಿದರೂ ಇಬ್ಬರದೇ ಹೆಸರು ಕೇಳ್ತೀವಲ್ಲ, ಯಾಕೆ? ಆ ಇಬ್ಬರೂ ಬೇಡ ಅನ್ನಿಸಿದರೆ ಅಲ್ಲಿನ ರೈತ ಏನು ಮಾಡ್ತಾನೆ?" ಊಟದ ಹೊತ್ತಾಗಿತ್ತು. ಆಮೇಲೆ ಹೇಳ್ತೀನಿ ಅಂದೆ. ಈಗ ಆ ಮಾತು ಉಳಿಸಿಕೊಳ್ಳುತ್ತೇನೆ.

ಹಿರಿಯರ ಪ್ರಶ್ನೆ ಹಗುರವಾದುದಲ್ಲ. 2016ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಡೊನಾಲ್ಡ್ ಟ್ರಂಪ್, ಡೆಮಾಕ್ರಟಿಕ್ ಪಕ್ಷದಿಂದ ಹಿಲರಿ ಕ್ಲಿಂಟನ್ ನಿಂತಿದ್ದರು. ಮತದಾನಕ್ಕೆ ಸ್ವಲ್ಪ ಮೊದಲು ಗ್ಯಾಲಪ್ ಎಂಬ ಸಂಸ್ಥೆ ಜನರ ಅಭಿಪ್ರಾಯ ಕೇಳಿತು. ಟ್ರಂಪ್ ಬಗ್ಗೆ ಒಳ್ಳೆಯ ಅಭಿಪ್ರಾಯ ಇಲ್ಲ ಅಂದವರು ನೂರಕ್ಕೆ 61, ಕ್ಲಿಂಟನ್ ಬಗ್ಗೆ ಹಾಗೆ ಅಂದವರು ನೂರಕ್ಕೆ 52. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬೇಡವಾದ ಇಬ್ಬರಲ್ಲಿ ಒಬ್ಬರು ಗೆಲ್ಲಲೇಬೇಕಾಗಿತ್ತು. 2024ರಲ್ಲೂ, ಜುಲೈ 21ರಂದು ಜೋ ಬೈಡನ್ ಕಣದಿಂದ ಹಿಂದೆ ಸರಿಯುವ ತನಕ ಅದೇ ಕಥೆ. ಅದೇ ಇಬ್ಬರು ಹಳಬರು ಮತ್ತೆ ಎದುರುಬದುರು, ಇವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇಲ್ಲವೇ ಎಂದು ಕೇಳುವ ಜನ.

ದೂರದ ದೇಶದ ರಾಜಕೀಯ ನಮಗೇಕೆ ಅಂತ ನೀವು ಕೇಳಬಹುದು. ಅಲ್ಲಿಯ ಬೇಸಾಯಗಾರ ನೂರಾರು ಎಕರೆ ಇಟ್ಟುಕೊಂಡಿರಬಹುದು, ಟ್ರಾಕ್ಟರಿನಲ್ಲಿ ಓಡಾಡಬಹುದು. ಆದರೆ ಅವನನ್ನು ಕಾಡುವುದು ನಮ್ಮನ್ನು ಕಾಡುವ ಎರಡೇ ಸಂಗತಿ: ಬೆಳೆಯ ಬೆಲೆ ಮತ್ತು ಸಾಲ. ಈ ಎರಡಕ್ಕಾಗಿ ಅವನು ನೂರಮೂವತ್ತು ವರ್ಷಗಳಿಂದ ಇಬ್ಬರು ಒಲ್ಲದ ಅಭ್ಯರ್ಥಿಗಳ ನಡುವೆ ಆರಿಸುತ್ತಾ ಬಂದಿದ್ದಾನೆ. ಅವನ ಲಾಭ ನಷ್ಟದ ಲೆಕ್ಕ ನಮ್ಮ ಕಣ್ಣ ಮುಂದಿದೆ. ಓದಿ ನೋಡುವುದರಲ್ಲಿ ತಪ್ಪೇನಿಲ್ಲ.

ಇಬ್ಬರೇ ಏಕೆ?

ಅಮೆರಿಕದಲ್ಲಿ ಇಬ್ಬರೇ ನಿಲ್ಲಬೇಕೆಂಬ ಕಾನೂನು ಇಲ್ಲ. ಪ್ರತಿ ಸಲವೂ ಹಲವರು ನಿಲ್ಲುತ್ತಾರೆ. ಇಬ್ಬರಿಗೆ ತಂದು ನಿಲ್ಲಿಸುವುದು ಎಣಿಕೆಯ ಕ್ರಮ.

ಅಲ್ಲಿ ಜನ ಹಾಕಿದ ವೋಟನ್ನು ದೇಶಕ್ಕೆಲ್ಲ ಸೇರಿಸಿ ಎಣಿಸಿ ಅಧ್ಯಕ್ಷನನ್ನು ಆರಿಸುವುದಿಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಎಂದು 'ಎಲೆಕ್ಟರು'ಗಳನ್ನು ಹಂಚಿದ್ದಾರೆ. ಒಟ್ಟು 538. ಗೆಲ್ಲಲು 270 ಬೇಕು. ಮೈನ್ ಮತ್ತು ನೆಬ್ರಾಸ್ಕ ಎಂಬ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಲ್ಲ ಕಡೆ, ಒಂದೇ ವೋಟು ಹೆಚ್ಚು ಬಂದರೂ ಸರಿ, ಆ ರಾಜ್ಯದ ಎಲ್ಲ ಎಲೆಕ್ಟರುಗಳೂ ಗೆದ್ದವನ ಪಾಲು. ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೂ ಸೊನ್ನೆ.

1992ರಲ್ಲಿ ರಾಸ್ ಪೆರೋ ಎಂಬ ಶ್ರೀಮಂತ ವ್ಯಾಪಾರಿ ಎರಡೂ ಪಕ್ಷಗಳನ್ನು ಬೈದು ಸ್ವತಂತ್ರವಾಗಿ ನಿಂತ. ನೂರಕ್ಕೆ ಸುಮಾರು 19 ವೋಟು ಬಂತು. ಒಂದು ಕೋಟಿ 90 ಲಕ್ಷಕ್ಕೂ ಹೆಚ್ಚು ಜನ ಅವನಿಗೆ ಹಾಕಿದರು. ಎಲೆಕ್ಟರು ಎಷ್ಟು ಸಿಕ್ಕರು? ಒಬ್ಬನೂ ಇಲ್ಲ. ಇದನ್ನು ನೋಡಿದ ಮತದಾರ ಮುಂದಿನ ಸಲ ಏನಂದುಕೊಳ್ಳುತ್ತಾನೆ? "ಮೂರನೆಯವನಿಗೆ ಹಾಕಿದರೆ ವೋಟು ನೀರಿಗೆ ಹಾಕಿದಂತೆ." ಹಾಗೆ ಅಂದುಕೊಂಡವರೆಲ್ಲ ಇಬ್ಬರ ಕಡೆಗೇ ವಾಲುತ್ತಾರೆ. ಫ್ರಾನ್ಸಿನ ಮೋರಿಸ್ ದುವರ್ಜೆ ಎಂಬ ವಿದ್ವಾಂಸ 1951ರಲ್ಲೇ ಇದನ್ನು ಬರೆದಿಟ್ಟಿದ್ದಾನೆ: ಹೆಚ್ಚು ವೋಟು ಪಡೆದವನೇ ಎಲ್ಲವನ್ನೂ ಒಯ್ಯುವ ಕಡೆ, ಕಾಲಕ್ರಮದಲ್ಲಿ ಎರಡೇ ಪಕ್ಷ ಉಳಿಯುವ ಒಲವಿರುತ್ತದೆ.

ಸಂತೆಯಲ್ಲಿ ಇಬ್ಬರೇ ದಲ್ಲಾಳಿಗಳಿದ್ದರೆ ಏನಾಗುತ್ತದೆ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಇನ್ನೊಬ್ಬನಿಗಿಂತ ಒಂದು ಕೂದಲೆಳೆ ವಾಸಿ ಅನ್ನಿಸಿಕೊಂಡರೆ ಸಾಕು, ವ್ಯಾಪಾರ ಕುದುರುತ್ತದೆ. ಒಳ್ಳೆಯವನಾಗಬೇಕಾದ ಕಷ್ಟ ಅವನಿಗಿಲ್ಲ.

1896ರ ಪಾಠ: ಸಂಘಟನೆಯನ್ನೇ ಕೊಟ್ಟವರು

ಈಗ ರೈತರ ಕಥೆಗೆ ಬರೋಣ. ಅಮೆರಿಕದ ದಕ್ಷಿಣದ ಹತ್ತಿ ಬೆಳೆಗಾರ 1870ರ ದಶಕದ ಆರಂಭದಲ್ಲಿ ಒಂದು ಪೌಂಡ್ ಹತ್ತಿಗೆ 10 ಸೆಂಟಿಗಿಂತ ಹೆಚ್ಚು ಪಡೆಯುತ್ತಿದ್ದ. 1894ರ ಹೊತ್ತಿಗೆ ಅದು 5 ಸೆಂಟಿಗೂ ಕೆಳಗಿಳಿಯಿತು. ಸಾಲದ ಪತ್ರದಲ್ಲಿದ್ದ ಅಂಕಿ ಮಾತ್ರ ಇಳಿಯಲಿಲ್ಲ. ನೂರು ಡಾಲರ್ ಸಾಲ ತೀರಿಸಲು ಮೊದಲು ಎಷ್ಟು ಹತ್ತಿ ಬೇಕಾಗಿತ್ತೋ ಈಗ ಅದರ ಎರಡರಷ್ಟು ಬೇಕಾಯಿತು. ಊರಿನ ಅಂಗಡಿಯವನು ಬಿತ್ತನೆಗೆ ಮೊದಲೇ ಬೆಳೆಯ ಮೇಲೆ ಹಕ್ಕು ಬರೆಸಿಕೊಂಡು ಬೀಜ, ಹಿಟ್ಟು, ಬಟ್ಟೆ ಉದ್ದರಿ ಕೊಡುತ್ತಿದ್ದ. ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ರೈತನೇ ಮತ್ತೆ ಬಾಕಿ. ಇದು ಎಲ್ಲೋ ಕೇಳಿದ ಹಾಗಿದೆ ಅಲ್ಲವೇ?

ಈ ರೈತರು ಕಟ್ಟಿದ ಪೀಪಲ್ಸ್ ಪಾರ್ಟಿ 1892ರ ಜುಲೈ 4ರಂದು ಒಮಾಹ ಪಟ್ಟಣದಲ್ಲಿ ಸೇರಿ ತನ್ನ ಬೇಡಿಕೆಗಳನ್ನು ಬರೆಯಿತು. ಬೆಳೆಯನ್ನು ಸರ್ಕಾರಿ ಉಗ್ರಾಣದಲ್ಲಿಟ್ಟು ಅದರ ಮೇಲೆ ಕಡಿಮೆ ಬಡ್ಡಿಯ ಸಾಲ ಕೊಡಬೇಕು, ಸುಗ್ಗಿಯ ಅಗ್ಗದ ಕಾಲದಲ್ಲಿ ಮಾರುವ ಬಲವಂತ ಇರಬಾರದು. ರೈಲ್ವೆ ಸರ್ಕಾರದ ಕೈಗೆ ಬರಬೇಕು. ಹೆಚ್ಚು ವರಮಾನದವರಿಗೆ ಹೆಚ್ಚು ತೆರಿಗೆ. ಚಿನ್ನದ ಜೊತೆ ಬೆಳ್ಳಿಯ ನಾಣ್ಯವೂ ಧಾರಾಳವಾಗಿ ಬಂದು ಹಣದ ಬರ ನೀಗಬೇಕು. ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಆ ವರ್ಷ 10 ಲಕ್ಷಕ್ಕೂ ಹೆಚ್ಚು ವೋಟು, 22 ಎಲೆಕ್ಟರುಗಳು ಬಂದರು. ಗೆಲುವಲ್ಲ, ಆದರೆ ದೊಡ್ಡ ಪಕ್ಷಗಳಿಗೆ ನಿದ್ದೆಗೆಡಿಸಲು ಸಾಕಾಯಿತು.

1896ರಲ್ಲಿ ಡೆಮಾಕ್ರಟಿಕ್ ಪಕ್ಷ ಒಂದು ಜಾಣತನ ಮಾಡಿತು. ರೈತರ ಪಟ್ಟಿಯಿಂದ ಬೆಳ್ಳಿಯ ಬೇಡಿಕೆಯನ್ನು ಎತ್ತಿಕೊಂಡು, ಒಳ್ಳೆಯ ಮಾತುಗಾರನಾದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್‌ನನ್ನು ನಿಲ್ಲಿಸಿತು. ಉಗ್ರಾಣ ಸಾಲ, ರೈಲ್ವೆ ರಾಷ್ಟ್ರೀಕರಣ ಇವನ್ನು ಎತ್ತಿಕೊಳ್ಳಲಿಲ್ಲ. ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದ್ದು ಹಡಗು ಕಟ್ಟುವ, ಬ್ಯಾಂಕು ನಡೆಸುವ ಒಬ್ಬ ಸಾಹುಕಾರನನ್ನು. ರೈತ ಪಕ್ಷದವರು ಇಕ್ಕಟ್ಟಿಗೆ ಸಿಕ್ಕಿದರು. ಬೇರೆಯಾಗಿ ನಿಂತರೆ ವೋಟು ಒಡೆದು ಚಿನ್ನದ ಪಕ್ಷದ, ಬ್ಯಾಂಕುಗಳ ಮೆಚ್ಚಿನ ವಿಲಿಯಂ ಮೆಕಿನ್ಲಿ ಗೆಲ್ಲುತ್ತಾನೆ. ಸೇರಿಕೊಂಡರೆ ತಮ್ಮ ಪಕ್ಷವೇ ಕರಗುತ್ತದೆ. ದಕ್ಷಿಣದಲ್ಲಂತೂ ಡೆಮಾಕ್ರಟಿಕ್ ಪಕ್ಷ ಅಂದರೆ ದೊಡ್ಡ ಜಮೀನ್ದಾರರ, ವರ್ತಕರ ಪಕ್ಷ. ಇಷ್ಟು ವರ್ಷ ಯಾರ ವಿರುದ್ಧ ಹೋರಾಡಿದರೋ ಅವರದೇ ಪಕ್ಷ.

ಕೊನೆಗೆ ಬ್ರಯಾನನನ್ನೇ ತಮ್ಮ ಅಭ್ಯರ್ಥಿ ಎಂದು ಒಪ್ಪಿದರು. ಉಪಾಧ್ಯಕ್ಷ ಸ್ಥಾನಕ್ಕೆ ಮಾತ್ರ ತಮ್ಮವನಾದ ಟಾಮ್ ವಾಟ್ಸನ್‌ನನ್ನು ನಿಲ್ಲಿಸಿ ಮಾನ ಉಳಿಸಿಕೊಳ್ಳಲು ನೋಡಿದರು. ಮೆಕಿನ್ಲಿಗೆ 271 ಎಲೆಕ್ಟರುಗಳು, ಬ್ರಯಾನ್‌ಗೆ 176. ಚುನಾವಣೆಯೂ ಹೋಯಿತು, ಪಕ್ಷವೂ ಹೋಯಿತು. 1900ರಲ್ಲಿ ಬ್ರಯಾನ್ ಜೊತೆ ಹೋಗಲು ಒಪ್ಪದ ಬಣ ಬೇರೆ ನಿಂತಾಗ ಬಂದ ವೋಟು 50 ಸಾವಿರದ ಆಸುಪಾಸು. ಎಂಟು ವರ್ಷದ ಹಿಂದೆ 10 ಲಕ್ಷ ಇದ್ದದ್ದು!

ಬ್ರಯಾನ್‌ಗೆ ವೋಟು ಹಾಕಿದ್ದು ತಪ್ಪೇ? ನಾನು ಹಾಗೆ ಹೇಳುವುದಿಲ್ಲ. ಆ ಇಬ್ಬರಲ್ಲಿ ಸಾಲಗಾರ ರೈತನ ಕಷ್ಟ ಅರ್ಥ ಮಾಡಿಕೊಂಡವನು ಅವನೇ. ತಪ್ಪಾದದ್ದು ಬೇರೆ ಕಡೆ. ಹಳ್ಳಿಯಲ್ಲಿ ನಾವು ಮುಯ್ಯಿಗೆ ಎತ್ತು ಕೊಡುತ್ತೇವೆ. ಬೆಳಿಗ್ಗೆ ಹೊಡೆದುಕೊಂಡು ಹೋಗಿ ಸಂಜೆ ತಂದು ಕೊಟ್ಟಿಗೆಗೆ ಕಟ್ಟಬೇಕು, ನಾಳೆ ಅವನ ಎತ್ತು ನಮ್ಮ ಹೊಲಕ್ಕೆ ಬರಬೇಕು. ಅವರು ಹಾಗೆ ಕೊಡಲಿಲ್ಲ. ಎತ್ತು, ನೇಗಿಲು, ಕೊಟ್ಟಿಗೆ ಎಲ್ಲವನ್ನೂ ಬರೆದುಕೊಟ್ಟುಬಿಟ್ಟರು. ವೋಟಿನ ಜೊತೆ ಸಂಘಟನೆಯೂ ಹೋಯಿತು.

ಆದರೂ ಅವರ ಬೇಡಿಕೆಗಳು ಸಾಯಲಿಲ್ಲ. 1913ರಲ್ಲಿ ವರಮಾನ ತೆರಿಗೆಗೆ ದಾರಿ ಮಾಡುವ ಸಂವಿಧಾನ ತಿದ್ದುಪಡಿ ಬಂತು. ಸೆನೆಟ್ ಸದಸ್ಯರನ್ನು ಜನರೇ ನೇರ ಆರಿಸಬೇಕೆಂಬ ತಿದ್ದುಪಡಿಯೂ ಅದೇ ವರ್ಷ ಬಂತು. ಒಮಾಹದ ರೈತರು ಅದನ್ನೂ ಕೇಳಿದ್ದರು. ಬೆಳೆಯ ಮೇಲೆ ಸರ್ಕಾರಿ ಸಾಲ ಕೊಡುವ ಸಂಸ್ಥೆ 1933ರಲ್ಲಿ ಹುಟ್ಟಿತು. ಕೇಳಿದವರಲ್ಲಿ ಬಹಳ ಜನ ಆ ಹೊತ್ತಿಗೆ ಮಣ್ಣಾಗಿದ್ದರು.

1980ರ ಪಾಠ: ಆಳು ಬದಲಾದರೂ ಸಾಲ ಬದಲಾಗಲಿಲ್ಲ

1977ರಲ್ಲಿ ಕೊಲರಾಡೋ ರಾಜ್ಯದಲ್ಲಿ ಒಂದು ರೈತ ಚಳವಳಿ ಎದ್ದಿತು. ಬೇಡಿಕೆ ಒಂದೇ: 'ಪ್ಯಾರಿಟಿ'. ಅಂದರೆ ರೈತ ಮಾರುವ ಬೆಳೆಯ ಬೆಲೆಗೂ ಅವನು ಕೊಳ್ಳುವ ವಸ್ತುಗಳ ಬೆಲೆಗೂ 1910ರಿಂದ 1914ರವರೆಗೆ ಇದ್ದ ಸಮತೋಲ ಮತ್ತೆ ಬರಬೇಕು. ನಾವು ವೈಜ್ಞಾನಿಕ ಬೆಲೆ ಅನ್ನುವುದಕ್ಕೆ ಹತ್ತಿರದ ಮಾತು. 1979ರ ಫೆಬ್ರವರಿಯಲ್ಲಿ ಅವರು ಸಾವಿರಾರು ಮಂದಿ ಟ್ರಾಕ್ಟರುಗಳ ಸಮೇತ ವಾಷಿಂಗ್ಟನ್‌ಗೆ ಹೋಗಿ ರಾಜಧಾನಿಯ ರಸ್ತೆಗಳನ್ನು ತುಂಬಿದರು. ಆಗ ಅಧ್ಯಕ್ಷನಾಗಿದ್ದವನು ಜಿಮ್ಮಿ ಕಾರ್ಟರ್. ತಾನೇ ಕಡಲೆಕಾಯಿ ಬೆಳೆಗಾರ. ರೈತನ ಮಗ ರೈತನಿಗೆ ದ್ರೋಹ ಮಾಡಲಾರ ಎಂದು ನಂಬಿದವರಿದ್ದರು.

1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನಕ್ಕೆ ನುಗ್ಗಿತು. 1980ರ ಜನವರಿ 4ರಂದು ಕಾರ್ಟರ್ ಒಂದು ಆಜ್ಞೆ ಹೊರಡಿಸಿದ: ರಷ್ಯಕ್ಕೆ ಹೋಗಬೇಕಿದ್ದ 170 ಲಕ್ಷ ಟನ್ ಧಾನ್ಯ ಹೋಗಕೂಡದು. ಪಾರ್ಲಿಮೆಂಟಿನಲ್ಲಿ ಚರ್ಚೆ ಇಲ್ಲ, ರೈತನನ್ನು ಕೇಳಿದ್ದೂ ಇಲ್ಲ. ಒಂದು ರುಜುವಿನಿಂದ ರೈತನ ದೊಡ್ಡ ಮಾರುಕಟ್ಟೆ ಮುಚ್ಚಿತು. ರಷ್ಯ ಅರ್ಜೆಂಟೀನ ಮುಂತಾದ ಕಡೆಯಿಂದ ಕೊಂಡುಕೊಂಡಿತು. ಯುದ್ಧ ಯಾರದೋ, ದಂಡ ಕಟ್ಟಿದವನು ರೈತ.

ಆ ವರ್ಷದ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಈ ನಿಷೇಧ ತೆಗೆಯುತ್ತೇನೆ ಅಂದ. ಇಬ್ಬರೂ ಬೇಡ ಅಂದವರಿಗೆ ಜಾನ್ ಆಂಡರ್ಸನ್ ಎಂಬ ಮೂರನೆಯವನಿದ್ದ. ಅವನಿಗೆ ನೂರಕ್ಕೆ 6.6 ವೋಟು, ಎಲೆಕ್ಟರು ಸೊನ್ನೆ. ರೇಗನ್ 489 ಎಲೆಕ್ಟರುಗಳಿಂದ ಗೆದ್ದ. 1981ರ ಏಪ್ರಿಲ್ 24ರಂದು ನಿಷೇಧ ತೆಗೆದ. ಮಾತು ಉಳಿಸಿಕೊಂಡ, ಅದನ್ನು ಒಪ್ಪಬೇಕು.

ಆದರೆ ಆ ಹೊತ್ತಿಗೆ ಬಡ್ಡಿ ಏರಿತ್ತು. 1980ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳು ತಮ್ಮ ಒಳ್ಳೆಯ ಗಿರಾಕಿಗಳಿಗೆ ಕೊಡುವ ಸಾಲದ ಬಡ್ಡಿಯೇ ನೂರಕ್ಕೆ 21.5 ಆಗಿತ್ತು. ಜಮೀನಿನ ಬೆಲೆ ಕುಸಿಯಿತು. ಅಯೋವ ರಾಜ್ಯದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದದ್ದು 1986ರಲ್ಲಿ 787 ಡಾಲರ್ ಆಯಿತು. ಜಮೀನು ತೋರಿಸಿ ಸಾಲ ತೆಗೆದವನ ಸಾಲ ಜಮೀನಿಗಿಂತ ದೊಡ್ಡದಾಯಿತು. ಮನೆ ಮುಂದೆ ಹರಾಜು. ಆತ್ಮಹತ್ಯೆಗಳೂ ಆದವು. 1985ರ ಮಾರ್ಚ್‌ನಲ್ಲಿ ಪಾರ್ಲಿಮೆಂಟು ರೈತರಿಗೆ ತುರ್ತು ಸಾಲದ ಮಸೂದೆ ಪಾಸು ಮಾಡಿ ಕಳಿಸಿದರೆ ರೇಗನ್ ಅದಕ್ಕೆ ರುಜು ಹಾಕದೆ ತಿರಸ್ಕರಿಸಿದ. ಕಾರ್ಟರ್ ಮೇಲಿನ ಕೋಪದಿಂದ ರೇಗನ್‌ಗೆ ವೋಟು ಹಾಕಿದ ರೈತನಿಗೆ ಹೇಗಾಗಿರಬೇಡ?

ಇಲ್ಲಿಂದ ಮುಂದಿನದು ನಾವು ಗಮನಿಸಬೇಕಾದ್ದು. ಆ ರೈತರು ಮುಂದಿನ ಅಧ್ಯಕ್ಷ ಬರುವ ತನಕ ಕಾಯುತ್ತಾ ಕೂರಲಿಲ್ಲ. ಹರಾಜಿನ ಜಾಗದಲ್ಲಿ ಸೇರಿ ಪ್ರತಿಭಟಿಸಿದರು. ತಮ್ಮ ತಮ್ಮ ರಾಜ್ಯದ ಶಾಸನಸಭೆಗೆ ಹೋದರು. 1986ರಲ್ಲಿ ಅಯೋವದಲ್ಲಿ, ಜಪ್ತಿಗೆ ಮೊದಲು ಸಾಲ ಕೊಟ್ಟವನೂ ರೈತನೂ ಮಧ್ಯಸ್ಥರ ಮುಂದೆ ಕೂರಬೇಕೆಂಬ ಕಾನೂನು ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಡೀ ದೇಶಕ್ಕೆ ರೈತ ಕುಟುಂಬಗಳಿಗೆಂದೇ ಒಂದು ದಿವಾಳಿ ಕಾನೂನು ಬಂತು. ಅದನ್ನು 'ಅಧ್ಯಾಯ 12' ಅನ್ನುತ್ತಾರೆ. ಅದರ ಸಾರ ಇಷ್ಟು: ರೈತ ನ್ಯಾಯಾಲಯಕ್ಕೆ ತೀರುವಳಿಯ ಯೋಜನೆ ಕೊಡಬಹುದು. ಜಮೀನಿನ ಈಗಿನ ಬೆಲೆ ಎಷ್ಟೋ ಅಷ್ಟಕ್ಕೆ ಮಾತ್ರ ಅಡವಿನ ಸಾಲ. ಅದಕ್ಕಿಂತ ಹೆಚ್ಚಿನದು ಆಧಾರವಿಲ್ಲದ ಸಾಲ. ಅದನ್ನು ಮೂರರಿಂದ ಐದು ವರ್ಷ, ಖರ್ಚು ಕಳೆದು ಉಳಿದ ವರಮಾನದಿಂದ ಆದಷ್ಟು ಕಟ್ಟುವುದು. ರೈತ ಜಮೀನಿನಲ್ಲೇ ಇರುತ್ತಾನೆ. ಇದಕ್ಕೆ ರುಜು ಹಾಕಿದವನು ಯಾರು? ಅದೇ ರೇಗನ್. 2005ರಲ್ಲಿ ಈ ಕಾನೂನು ಕಾಯಂ ಆಯಿತು. 1986ರ ನವೆಂಬರ್‌ನಲ್ಲಿ ಸೆನೆಟ್ ಚುನಾವಣೆ ಬಂದಾಗ ಉತ್ತರ ಡಕೋಟ, ದಕ್ಷಿಣ ಡಕೋಟದಂಥ ರೈತ ರಾಜ್ಯಗಳಲ್ಲಿ ರೇಗನ್ ಪಕ್ಷದ ಸದಸ್ಯರು ಸೋತರು, ಸೆನೆಟ್ಟಿನ ಬಹುಮತವೇ ಆ ಪಕ್ಷದ ಕೈತಪ್ಪಿತು. ಮುಂದೆ 1988ರ ಜನವರಿಯಲ್ಲಿ ಕೃಷಿ ಸಾಲ ಸಂಸ್ಥೆಗಳ ಬಗ್ಗೆ ಇನ್ನೊಂದು ಕಾನೂನು ಬಂತು: ಹರಾಜಿಗಿಂತ ಸಾಲವನ್ನು ಮರುಹೊಂದಿಸುವುದು ಅಗ್ಗವಾದರೆ ಹಾಗೆಯೇ ಮಾಡಬೇಕು.

ಒಲ್ಲದ ಅಧ್ಯಕ್ಷನ ಕೈಯಿಂದಲೇ ಬೇಕಾದ ಕಾನೂನಿಗೆ ರುಜು ಹಾಕಿಸಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ. ಅದಕ್ಕೆ ಚುನಾವಣೆಯ ಮರುದಿನವೂ ಸಂಘಟನೆ ಕೈಯಲ್ಲಿರಬೇಕು. 1896ರವರ ಕೈಯಲ್ಲಿ ಅದು ಉಳಿದಿರಲಿಲ್ಲ.

ಮನೆಯಲ್ಲಿ ಕೂತರೆ?

ಇಷ್ಟು ಕೇಳಿ ಕೆಲವರು, "ಹಾಗಾದರೆ ಇಬ್ಬರಿಗೂ ಹಾಕದೆ ಮನೇಲಿ ಕೂತರಾಯ್ತು, ಇಲ್ಲ ಮೂರನೆಯವನಿಗೆ ಹಾಕಿದರಾಯ್ತು" ಅನ್ನಬಹುದು. ಅದರ ಲೆಕ್ಕವನ್ನೂ ನೋಡಿಬಿಡೋಣ.

2000ದಲ್ಲಿ ಜಾರ್ಜ್ ಬುಷ್, ಆಲ್ ಗೋರ್ ಇಬ್ಬರೂ ಒಂದೇ ಅಂದುಕೊಂಡವರು ರಾಲ್ಫ್ ನೇಡರ್‌ಗೆ ವೋಟು ಹಾಕಿದರು. ಫ್ಲಾರಿಡ ರಾಜ್ಯದಲ್ಲಿ ನೇಡರ್‌ಗೆ 97 ಸಾವಿರ ಚಿಲ್ಲರೆ ವೋಟು ಬಂತು. ಅಲ್ಲಿ ಬುಷ್ ಗೆದ್ದ ಅಂತರ 537. ಆ ರಾಜ್ಯದ ಮೇಲೇ ಇಡೀ ಚುನಾವಣೆ ನಿಂತಿತ್ತು. ನೇಡರ್‌ಗೆ ಹಾಕಿದವರೆಲ್ಲ ಗೋರ್‌ಗೆ ಹಾಕುತ್ತಿದ್ದರು ಅಂತ ಯಾರೂ ಪ್ರಮಾಣ ಮಾಡಲಾಗದು. ನೂರಕ್ಕೆ ಒಬ್ಬರಷ್ಟು ಆ ಕಡೆ ಹೆಚ್ಚಿಗೆ ವಾಲಿದ್ದರೂ ಫಲಿತಾಂಶ ತಿರುಗುತ್ತಿತ್ತು. ಇಬ್ಬರೂ ಒಂದೇ ಅಂದವರು 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ಆ ಮಾತನ್ನು ಮತ್ತೆ ತೂಗಿ ನೋಡಬೇಕಾಯಿತು.

ನೆವಾಡ ರಾಜ್ಯದಲ್ಲಿ 1976ರಿಂದಲೇ 'ಇವರಲ್ಲಿ ಯಾರೂ ಬೇಡ' ಎಂಬ ಸಾಲು ಮತಪತ್ರದಲ್ಲಿದೆ. ನಮ್ಮಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ 2013ರಲ್ಲಿ ಬಂದ ನೋಟಾ ಇದ್ದ ಹಾಗೆ. 2016ರಲ್ಲಿ ಅಲ್ಲಿ ಈ ಸಾಲಿಗೆ 28 ಸಾವಿರಕ್ಕೂ ಹೆಚ್ಚು ವೋಟು ಬಿತ್ತು. ಗೆದ್ದವರ ಅಂತರ 27 ಸಾವಿರ ಚಿಲ್ಲರೆ. ಆದರೆ ಆ ಸಾಲಿಗೆ ಎಲ್ಲರಿಗಿಂತ ಹೆಚ್ಚು ಬಂದರೂ ಗೆಲ್ಲುವವನು ಅದರ ನಂತರದ ಅಭ್ಯರ್ಥಿಯೇ. ಕೋಪ ಎಣಿಕೆಗೆ ಸಿಗುತ್ತದೆ, ಅಧಿಕಾರ ಬೇರೆಯವನಿಗೆ ಹೋಗುತ್ತದೆ. ಮನೆಯಲ್ಲಿ ಕೂತವನ ಕೋಪವಂತೂ ಎಣಿಕೆಗೂ ಸಿಗುವುದಿಲ್ಲ.

ಇದರ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕಬಾರದು. "ಪ್ರತಿ ಸಲ ಕಡಿಮೆ ಕೆಟ್ಟವನಿಗೆ ಹಾಕುತ್ತಾ ಹೋದರೆ, ಇವರು ಎಲ್ಲಿಗೂ ಹೋಗೋದಿಲ್ಲ ಅಂತ ಅವನಿಗೆ ಗೊತ್ತಾಗುತ್ತೆ. ಆಮೇಲೆ ಅವನು ನಮ್ಮ ಕಡೆ ತಿರುಗಿಯೂ ನೋಡೋದಿಲ್ಲ." ಈ ಮಾತು ನೂರಕ್ಕೆ ನೂರು ನಿಜ. ವೀವರ್‌ಗೆ ಬಿದ್ದ 10 ಲಕ್ಷ ವೋಟು ಇಲ್ಲದಿದ್ದರೆ ಡೆಮಾಕ್ರಟರು ಬೆಳ್ಳಿಯ ಮಾತು ಎತ್ತುತ್ತಿದ್ದರೋ ಇಲ್ಲವೋ. ಹಾಗಾಗಿ ಮೂರನೆಯವನಿಗೆ ಹಾಕಿದ್ದೆಲ್ಲ ವ್ಯರ್ಥ ಅನ್ನುವ ಮಾತೂ ಪೂರ್ತಿ ಸರಿಯಲ್ಲ.

ಹಾಗಾದರೆ ಏನು ಮಾಡಬೇಕು?

ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ.

ಒಂದು. ಮುಖ ನೋಡಬೇಡಿ, ಕುರ್ಚಿಯಲ್ಲಿ ಏನಿದೆ ನೋಡಿ. ಅಮೆರಿಕದಲ್ಲಿ ಕೃಷಿ ಕಾನೂನು, ಬಜೆಟ್ಟು ಪಾರ್ಲಿಮೆಂಟಿನ ಕೈಯಲ್ಲಿದೆ. ಅಧ್ಯಕ್ಷ ತಾನೊಬ್ಬನೇ ಮಾಡಬಲ್ಲ ಕೆಲಸಗಳು ಬೇರೆ: ಕಾರ್ಟರ್ ಧಾನ್ಯ ತಡೆದದ್ದು ಅಂಥದು. 2018ರಲ್ಲಿ ಟ್ರಂಪ್ ಚೀನಾದ ಸರಕಿನ ಮೇಲೆ ಸುಂಕ ಹಾಕಿದ. ಚೀನಾ ಜುಲೈನಲ್ಲಿ ಅಮೆರಿಕದ ಸೋಯಾ ಮೇಲೆ ನೂರಕ್ಕೆ 25 ಸುಂಕ ತಿರುಗಿಸಿ ಹಾಕಿತು. ಅದೇ ತಿಂಗಳು ಸರ್ಕಾರ ರೈತರಿಗೆ 1,200 ಕೋಟಿ ಡಾಲರ್ ತನಕ ಪರಿಹಾರ ಘೋಷಿಸಬೇಕಾಯಿತು. ಪರಿಹಾರ ಬಂತು, ಗಿರಾಕಿ ಬ್ರೆಜಿಲ್ ಕಡೆ ಹೋದ. ಕಾರ್ಟರ್ ಒಂದು ಪಕ್ಷ, ಟ್ರಂಪ್ ಇನ್ನೊಂದು. ಪೆಟ್ಟು ಬಿದ್ದ ಬೆನ್ನು ಒಂದೇ. ಆ ಒಂದು ರುಜುವಿನ ಅಧಿಕಾರವನ್ನು ಇಬ್ಬರಲ್ಲಿ ಯಾರು ಹೇಗೆ ಬಳಸುತ್ತಾರೆ? ಅವರ ಹಿಂದಿನ ನಡತೆಯಿಂದ ಅಳೆಯಿರಿ, ಭಾಷಣದಿಂದ ಬೇಡ.

ಎರಡು. ನಿಮ್ಮ ವೋಟು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿ. ಕ್ಯಾನ್ಸಸ್ ರಾಜ್ಯ 1968ರಿಂದ ಒಂದೂ ಸಲ ಬಿಡದೆ ರಿಪಬ್ಲಿಕನ್ ಅಭ್ಯರ್ಥಿಗೇ ಹೋಗಿದೆ. ಅಲ್ಲಿನ ಗೋಧಿ ರೈತ ಮೂರನೆಯವನಿಗೆ ಹಾಕಿ ತನ್ನ ಅಸಮಾಧಾನ ತೋರಿಸಿದರೆ ನಷ್ಟವೇನಿಲ್ಲ. ವಿಸ್ಕಾನ್ಸಿನ್ ಹೈನುಗಾರರ ರಾಜ್ಯ. ಅಲ್ಲಿ 2016, 2020, 2024 ಮೂರು ಸಲವೂ ಗೆದ್ದವನ ಅಂತರ 30 ಸಾವಿರದ ಒಳಗೆ. ಅಲ್ಲಿನವನು ಅಸಮಾಧಾನ ತೋರಿಸುವ ಮೊದಲು ಹೆಚ್ಚಿನ ಕೆಡುಕು ಯಾವುದು ಅಂತ ಯೋಚಿಸಬೇಕು. ಒಂದೇ ವೋಟಿಗೆ ಎರಡು ಜಾಗದಲ್ಲಿ ಎರಡು ತೂಕ.

ಮೂರು. ವೋಟು ಒಂದು ದಿನದ ಕೆಲಸ. ಅದನ್ನು ಕೊಡಿ, ಸಂಘಟನೆ ಕೊಡಬೇಡಿ. ಕಡಿಮೆ ಕೆಟ್ಟವನಿಗೆ ವೋಟು ಹಾಕಿದ್ದಕ್ಕಾಗಿ ಅವನನ್ನು ಒಳ್ಳೆಯವನು ಅಂತ ಹೊಗಳುವ ಬಾಧ್ಯತೆ ನಮಗಿಲ್ಲ. ಬೆಳಿಗ್ಗೆ ಅವನಿಗೆ ವೋಟು ಹಾಕಿ ಮಾರನೆಯ ಬೆಳಿಗ್ಗೆ ಅವನ ಮನೆ ಮುಂದೆ ಧರಣಿ ಕೂರಬಹುದು. ಇದರಲ್ಲಿ ವಿರೋಧಾಭಾಸ ಏನೂ ಇಲ್ಲ.

ನಾಲ್ಕು. ಎಣಿಕೆಯ ಕ್ರಮವನ್ನೇ ಬದಲಿಸುವ ಮಾತಾಡಿ. ಮೈನ್ ರಾಜ್ಯದಲ್ಲಿ 2020ರಿಂದ, ಅಲಾಸ್ಕದಲ್ಲಿ 2024ರಲ್ಲಿ, ಅಧ್ಯಕ್ಷ ಚುನಾವಣೆಗೆ ಜನ 1, 2, 3 ಎಂದು ಕ್ರಮವಾಗಿ ಗುರುತು ಹಾಕಿದರು. ಮೊದಲು ಆರಿಸಿದವನು ಹಿಂದೆ ಬಿದ್ದರೆ ಆ ವೋಟು ಎರಡನೆಯವನಿಗೆ ಹೋಗುತ್ತದೆ. ಮನಸ್ಸಿಗೆ ಬಂದವನಿಗೆ ಒಂದು ಅಂಕಿ, ಕೆಡುಕನ್ನು ತಡೆಯಲು ಇನ್ನೊಂದು ಅಂಕಿ. ನಮಗಿದು ಹೊಸದಲ್ಲ. ನಮ್ಮ ರಾಷ್ಟ್ರಪತಿಯ ಚುನಾವಣೆ ಹೀಗೆಯೇ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ವೋಟು ಹಾಕಿದ ನಿಮ್ಮ ಮಕ್ಕಳನ್ನು ಕೇಳಿ, ಹೇಳುತ್ತಾರೆ.

ಹಿರಿಯರೇ, ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಇಬ್ಬರೂ ಬೇಡವಾದಾಗ ಅಲ್ಲಿನ ರೈತ ಒಬ್ಬನಿಗೆ ಹಾಕಿದ್ದಾನೆ, ಮೂರನೆಯವನಿಗೂ ಹಾಕಿದ್ದಾನೆ, ಮನೆಯಲ್ಲೂ ಕೂತಿದ್ದಾನೆ. ಮೂರರಲ್ಲೂ ಸೋತಿದ್ದಾನೆ. ಅವನು ಗೆದ್ದದ್ದೆಲ್ಲ, ವೋಟು ಯಾರಿಗೇ ಹಾಕಿದ್ದರೂ, ಮರುದಿನ ತನ್ನ ಎತ್ತುಗಳನ್ನು ತನ್ನ ಕೊಟ್ಟಿಗೆಯಲ್ಲೇ ಕಟ್ಟಿಕೊಂಡಿದ್ದಾಗ. ಜಮೀನು ಉಳಿಸಿದ ಆ 1986ರ ಕಾನೂನು ಬಂದದ್ದು ಅಧ್ಯಕ್ಷ ಚುನಾವಣೆ ಇಲ್ಲದ ವರ್ಷದಲ್ಲಿ. ಇದೊಂದನ್ನು ಮರೆಯದಿದ್ದರೆ ಸಾಕು.